ಫಾರ್ಮ್ಯಾಟ್ ಹೊಡೆಯುವ ಮೊದಲು: ಮನೆಯ ಕಂಪ್ಯೂಟರಿನ ದೂರುಗಳಿಗೆ ಉತ್ತರಿಸುವ ಬಗೆ

ಹುಬ್ಬಳ್ಳಿ-ಧಾರವಾಡದ ಯಾವ ಓಣಿಗೆ ಹೋದರೂ, ಕಂಪ್ಯೂಟರ್ ಕೈಕೊಟ್ಟಾಗ ಎಲ್ಲರೂ ಹುಡುಕಿಕೊಂಡು ಬರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಅವರು ಓದಿದ್ದು ಸಿವಿಲ್ ಡಿಪ್ಲೊಮಾ ಆಗಿರಲಿ, ಬಿ.ಕಾಂ. ಆಗಿರಲಿ, ಒಮ್ಮೆ ಯಾರದೋ ಪ್ರಿಂಟರ್ ಸರಿಮಾಡಿಕೊಟ್ಟರೆ ಸಾಕು, ಆ ಕೆಲಸ ಅವರಿಗೆ ಕಾಯಂ ಆಗುತ್ತದೆ. ನನಗೂ ಅದು ಹಾಗೆಯೇ ಅಂಟಿಕೊಂಡಿತು. ಈ ಬರಹ ಅಂಥವರಿಗಾಗಿ, ಮತ್ತು ಅಂಥವರನ್ನು ಕರೆಯುವ ಮೊದಲು ತಾವೇ ಒಂದಿಷ್ಟು ನೋಡಬೇಕೆನ್ನುವ ಮನೆಯವರಿಗಾಗಿ.

ನಮ್ಮ ಭಾಗದಲ್ಲಿ ಕಂಪ್ಯೂಟರಿನ ಎಲ್ಲ ರೋಗಕ್ಕೂ ಒಂದೇ ಮದ್ದು ಪ್ರಚಾರದಲ್ಲಿದೆ: ಫಾರ್ಮ್ಯಾಟ್ ಹೊಡೆಯುವುದು, ಅಂದರೆ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ನಾನೂ ಅದನ್ನೇ ಮಾಡುತ್ತಿದ್ದೆ. ಗದಗಿನಲ್ಲಿರುವ ನನ್ನ ಸೋದರಮಾವನ ಕಂಪ್ಯೂಟರ್ ನಡುನಡುವೆ ಹ್ಯಾಂಗ್ ಆಗುತ್ತದೆಂದು ಒಂದು ಭಾನುವಾರ ಹೋಗಿ ಫಾರ್ಮ್ಯಾಟ್ ಮಾಡಿ ಬಂದೆ. ವಾರದೊಳಗೆ ಮತ್ತೆ ಹ್ಯಾಂಗ್ ಆಯಿತು, ಮತ್ತೆ ಹೋಗಿ ಮತ್ತೆ ಫಾರ್ಮ್ಯಾಟ್ ಮಾಡಿದೆ. ಮೂರನೆಯ ಸಲ ಕ್ಯಾಬಿನೆಟ್ ತೆರೆದು ನೋಡಿದರೆ ಹಾರ್ಡ್‌ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಟಾ ಕೇಬಲ್ ಸಡಿಲಾಗಿತ್ತು. ಚಹಾ-ನಾಷ್ಟಾದ ಬೆಲೆಯ ಆ ಕೇಬಲ್ಲಿನ ದೋಷಕ್ಕಾಗಿ, ಡೆಸ್ಕ್‌ಟಾಪಿನ ಮೇಲಿದ್ದ ಅವರ ಮಗಳ ಮದುವೆಯ ಫೋಟೋಗಳನ್ನು ನಾನು ಮೊದಲನೆಯ ಫಾರ್ಮ್ಯಾಟಿನಲ್ಲಿಯೇ ಅಳಿಸಿಬಿಟ್ಟಿದ್ದೆ. ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮ ಇಷ್ಟೇ: ಮೊದಲು ಪ್ರಶ್ನೆ, ಆಮೇಲೆ ಕರೆಂಟು, ಆಮೇಲೆ ಯಂತ್ರ, ಎಲ್ಲಕ್ಕೂ ಕೊನೆಗೆ ಸಾಫ್ಟ್‌ವೇರ್.

ಕೇಳಬೇಕಾದದ್ದು

“ಏನೂ ಮಾಡಿಲ್ಲರಿ, ತನ್ನಷ್ಟಕ್ಕ ತಾನ ಬಂದ್ ಆಗೇತಿ” ಎಂಬುದು ನಾವು ಕೇಳುವ ಮೊದಲ ಮಾತು. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ಮಾಡಿದ ಕೆಲಸಕ್ಕೂ ಆದ ತೊಂದರೆಗೂ ಸಂಬಂಧವಿದೆಯೆಂದು ಅವರಿಗೆ ತೋಚಿರುವುದಿಲ್ಲ, ಅಷ್ಟೇ. ಆದ್ದರಿಂದ “ಏನು ಮಾಡಿದಿರಿ” ಎಂದು ಕೇಳಬಾರದು. ಅದು ತಪ್ಪು ಹೊರಿಸಿದಂತೆ ಕೇಳಿಸುತ್ತದೆ. “ಕೊನೆಯ ಸಲ ಸರಿಯಾಗಿ ನಡೆದದ್ದು ಯಾವಾಗರಿ ಕಾಕಾ, ಆಮೇಲೆ ಮನೆಯಲ್ಲಿ ಏನೇನು ಬದಲಾಯಿತು” ಎಂದು ಕೇಳಿ ನೋಡಿ. ಮನೆಗೆ ಸುಣ್ಣ-ಬಣ್ಣ ಮಾಡಿಸಿದಾಗ ಟೇಬಲ್ ಸರಿಸಿದ್ದು, ಹಿಂದಿನ ರಾತ್ರಿ ಗುಡುಗು-ಸಿಡಿಲಿನ ಮಳೆ ಬಂದದ್ದು, ಮೊಮ್ಮಗ ರಜೆಗೆ ಬಂದು ಆಟವೊಂದನ್ನು ಹಾಕಿಕೊಂಡು ಹೋದದ್ದು ಒಂದೊಂದಾಗಿ ಹೊರಬೀಳುತ್ತವೆ.

ಎರಡನೆಯದು, ತೆರೆಯ ಮೇಲೆ ಬಂದ ಸಂದೇಶ. ಅದನ್ನು ಅವರ ಮಾತಿನಲ್ಲಿ ಕೇಳಬೇಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಲು ಹೇಳಿ. “ಏನೋ ಎರರ್ ಬಂತು” ಎಂಬುದರಿಂದ ಏನೂ ತಿಳಿಯುವುದಿಲ್ಲ. ಆ ಸಂದೇಶದ ಕೊನೆಯ ಸಾಲಿನ ಕೋಡ್‌ನಿಂದ ಬಹುಪಾಲು ತಿಳಿಯುತ್ತದೆ. ಮೂರನೆಯದು, ತೊಂದರೆ ಸದಾ ಇದೆಯೋ ಆಗಾಗ ಬರುತ್ತದೆಯೋ, ಚಾಲೂ ಮಾಡಿದ ಕೂಡಲೇ ಬರುತ್ತದೆಯೋ ಅರ್ಧ ತಾಸಿನ ಮೇಲೆ ಬರುತ್ತದೆಯೋ. ಅರ್ಧ ತಾಸಿನ ಮೇಲೆ ಬರುವ ತೊಂದರೆಯಲ್ಲಿ ನಾನು ಮೊದಲು ಅನುಮಾನಿಸುವುದು ಶಾಖವನ್ನು.

ಇನ್ನೊಂದು ಎಚ್ಚರಿಕೆ. ಇಲ್ಲಿನ ಜನ ಕ್ಯಾಬಿನೆಟ್ಟಿಗೆ “ಸಿಪಿಯು” ಎನ್ನುತ್ತಾರೆ, ಕೆಲವರು ಮಾನಿಟರಿಗೇ “ಕಂಪ್ಯೂಟರ್” ಎನ್ನುತ್ತಾರೆ, ಬ್ರೌಸರಿಗೆ “ಗೂಗಲ್” ಎನ್ನುವವರಂತೂ ಅನೇಕರು. ಅವರನ್ನು ತಿದ್ದುತ್ತ ಕೂಡದೆ, ಅವರ ಪದದಲ್ಲಿಯೇ ಮಾತನಾಡಿ ಕೆಲಸ ಮುಂದುವರಿಸುವುದು ಲೇಸು.

ಕರೆಂಟು ಮತ್ತು ಅರ್ಥಿಂಗ್

“ಚಾಲೂನ ಆಗವಲ್ದು” ಎಂಬ ದೂರಿಗೆ ಗೋಡೆಯ ಸಾಕೆಟ್ಟಿನಿಂದ ಆರಂಭಿಸಬೇಕು. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಕ್ಸ್‌ಟೆನ್ಶನ್ ಬೋರ್ಡನ್ನು ಬಿಟ್ಟು ನೇರವಾಗಿ ಹಾಕಿ ನೋಡಿ. ಕ್ಯಾಬಿನೆಟ್ಟಿನ ಹಿಂದೆ, ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್‌ಗೆ ಪ್ರತ್ಯೇಕ ಸ್ವಿಚ್ ಇದ್ದರೆ ಅದನ್ನು ನೋಡಿ. ಕಸ ಹೊಡೆಯುವಾಗ ಆ ಸ್ವಿಚ್ಚಿಗೆ ಕೈ ತಾಗಿ ಬಂದ್ ಆಗಿದ್ದ ಕಂಪ್ಯೂಟರುಗಳನ್ನು “ರಿಪೇರಿ” ಮಾಡಿದ ಕೀರ್ತಿ ನನಗೆ ಹಲವು ಸಲ ಸಂದಿದೆ.

ಮುಂಗಾರಿಗೆ ಮುಂಚೆ ಏಪ್ರಿಲ್-ಮೇ ತಿಂಗಳಲ್ಲಿ ಸಿಡಿಲಿನೊಂದಿಗೆ ಬರುವ ಮಳೆ ಕಂಪ್ಯೂಟರಿನ ದೊಡ್ಡ ಶತ್ರು. ಆ ಹೊತ್ತಿನಲ್ಲಿ ಸ್ವಿಚ್ ಬಂದ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಇಂಟರ್‌ನೆಟ್ಟಿನ ತಾಮ್ರದ ಲ್ಯಾನ್ ಕೇಬಲ್ಲನ್ನೂ ಕೀಳಬೇಕು, ಏಕೆಂದರೆ ಸಿಡಿಲಿನ ಆಘಾತ ಆ ದಾರಿಯಿಂದಲೂ ಒಳಗೆ ಬಂದು ಮದರ್‌ಬೋರ್ಡಿನ ಲ್ಯಾನ್ ಭಾಗವನ್ನು ಸುಡುತ್ತದೆ. ಮಳೆಯ ಮರುದಿನ “ಎಲ್ಲ ಸರಿ ಐತಿ, ನೆಟ್ ಒಂದ ಬರವಲ್ದು” ಎಂದು ಫೋನ್ ಬಂದರೆ ಈ ಕಾರಣವನ್ನು ಮರೆಯಬೇಡಿ.

ಇದಕ್ಕಿಂತ ಹೆಚ್ಚಾಗಿ ಉಪೇಕ್ಷೆಗೆ ಒಳಗಾದ ವಿಷಯ ಅರ್ಥಿಂಗ್. “ಕ್ಯಾಬಿನೆಟ್ ಮುಟ್ಟಿದರೆ ಝುಂ ಅಂತೈತಿ” ಎಂದು ಅನೇಕರು ನಗುತ್ತ ಹೇಳುತ್ತಾರೆ. ಅದು ನಗುವ ವಿಷಯವಲ್ಲ. ಎಸ್‌ಎಂಪಿಎಸ್‌ನ ಒಳಬಾಗಿಲಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಹೀಗೆ ಎರಡು ಸಣ್ಣ ಕೆಪಾಸಿಟರ್‌ಗಳು ಲೋಹದ ಮೈಗೆ ಜೋಡಿಸಿರುತ್ತವೆ. ಅರ್ಥ್ ತಂತಿ ಸರಿಯಿದ್ದರೆ ಅವುಗಳಿಂದ ಸೋರುವ ಅತ್ಯಲ್ಪ ಕರೆಂಟು ನೆಲ ಸೇರುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈಯೇ 230 ವೋಲ್ಟಿನ ಸುಮಾರು ಅರ್ಧದಷ್ಟು ಒತ್ತಡದಲ್ಲಿ ನಿಲ್ಲುತ್ತದೆ. ಸೋರುವ ಕರೆಂಟು ಸಣ್ಣದಾದ್ದರಿಂದ ಬರಿ ಜುಮ್ಮೆನ್ನುತ್ತದೆ, ಆದರೆ ಅಂಥ ಕಂಪ್ಯೂಟರಿಗೆ ಟಿ.ವಿ.ಯನ್ನೋ ಪ್ರಿಂಟರನ್ನೋ ಜೋಡಿಸುವ ಗಳಿಗೆಯಲ್ಲಿ ಪೋರ್ಟ್ ಸುಡಬಹುದು. ಎಸ್‌ಎಂಪಿಎಸ್‌ನೊಳಗೆ ನಿಜವಾದ ದೋಷವೇ ಉಂಟಾದರೆ ಮುಟ್ಟಿದವರ ಜೀವಕ್ಕೇ ಅಪಾಯ.

ಕಾರಣ ಎರಡು ಕಡೆ ಇರುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಬೋರ್ಡಿಗೆ ಹಾಕಿಕೊಡುವ ಅಗ್ಗದ ಜೋಡಣೆ ಒಂದು. ಇನ್ನೊಂದು ನಮ್ಮ ಎರೆ ನೆಲ. ನವಲಗುಂದ, ನರಗುಂದ, ಗದಗ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕುಬಿಟ್ಟು ಒಣಗಿದಾಗ ಅರ್ಥಿಂಗ್ ಗುಂಡಿಯ ಪಟ್ಟಿಗೂ ಮಣ್ಣಿಗೂ ಸಂಪರ್ಕ ತಪ್ಪುತ್ತದೆ. ಇದ್ದಿಲು, ಉಪ್ಪು ತುಂಬಿದ ಹಳೆಯ ಬಗೆಯ ಗುಂಡಿಯಾಗಿದ್ದರೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕಲು ಹೇಳಿ. ಮಳೆಗಾಲದಲ್ಲಿ ಇಲ್ಲದ ಜುಮ್ಮು ಬೇಸಿಗೆಯಲ್ಲಿ ಮಾತ್ರ ಬರುತ್ತಿದ್ದರೆ ಇದೇ ಕಾರಣವೆಂದು ಊಹಿಸಬಹುದು. ವೈರಿಂಗ್ ಮಾಡುವವರನ್ನು ಕರೆಸಿ ಮೀಟರಿನಿಂದ ಅಳೆಸಿದರೆ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎರಡು-ಮೂರು ವೋಲ್ಟಿಗಿಂತ ಹೆಚ್ಚು ತೋರಿಸಬಾರದು.

ಕರೆಂಟು ಹೋದೊಡನೆ ಇನ್ವರ್ಟರ್ ಇದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದು ಇನ್ನೊಂದು ಸಾಮಾನ್ಯ ದೂರು. ಅನೇಕ ಇನ್ವರ್ಟರುಗಳ ಹಿಂದೆ ಯುಪಿಎಸ್ ಕ್ರಮಕ್ಕೆ ಬದಲಿಸುವ ಸ್ವಿಚ್ ಇರುತ್ತದೆ. ಆ ಕ್ರಮದಲ್ಲಿ ಬದಲಾವಣೆಯ ಕಾಲ ಕಡಿಮೆಯಾಗಿ ಕಂಪ್ಯೂಟರ್ ನಿಲ್ಲುವುದಿಲ್ಲ. ಪ್ರತ್ಯೇಕ ಯುಪಿಎಸ್ ಇದ್ದು ಎರಡೇ ನಿಮಿಷಕ್ಕೆ ಕೈಬಿಡುತ್ತಿದ್ದರೆ ಅದರ 12 ವೋಲ್ಟಿನ ಬ್ಯಾಟರಿ ಮುಗಿದಿದೆ. ಎರಡು-ಮೂರು ವರ್ಷಕ್ಕೆ ಅದು ಮುಗಿಯುವುದು ಸಹಜ, ಇಡೀ ಯುಪಿಎಸ್ ಬದಲಿಸಬೇಕಾಗಿಲ್ಲ.

ಫ್ಯಾನ್ ತಿರುಗುತ್ತದೆ, ತೆರೆ ಕಪ್ಪು

“ಡಿಸ್‌ಪ್ಲೇ ಬರವಲ್ದು” ಎನ್ನುವವರ ಮನೆಯಲ್ಲಿ ಮೊದಲು ಮಾನಿಟರಿನ ಕೇಬಲ್ ಎಲ್ಲಿಗೆ ಹೋಗಿದೆ ಎಂದು ನೋಡಿ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಕೇಬಲ್ಲನ್ನು ಮದರ್‌ಬೋರ್ಡಿನ ಪೋರ್ಟಿಗೆ ಚುಚ್ಚಿದ್ದರೆ ತೆರೆ ಕಪ್ಪಾಗಿಯೇ ಉಳಿಯಬಹುದು. ಅದಿಲ್ಲವಾದರೆ ಮುಂದಿನ ಅನುಮಾನ ಮೆಮೊರಿಯ ಪಟ್ಟಿಯಾದ ರ‍್ಯಾಮ್ ಮೇಲೆ. ಧಾರವಾಡದ ಮಳೆಗಾಲದ ತೇವ ಮತ್ತು ವರ್ಷಗಟ್ಟಲೆ ಕೂತ ಧೂಳು ಸೇರಿ ರ‍್ಯಾಮ್‌ನ ಬಂಗಾರದ ಬಣ್ಣದ ಅಂಚಿನ ಮೇಲೆ ಮಬ್ಬು ಪದರ ಕಟ್ಟುತ್ತದೆ.

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಐದಾರು ಸೆಕೆಂಡು ಒತ್ತಿಹಿಡಿಯಿರಿ. ಒಳಗೆ ಉಳಿದ ಚಾರ್ಜು ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ರ‍್ಯಾಮ್‌ನ ಎರಡೂ ತುದಿಯ ಕ್ಲಿಪ್ ಅಗಲಿಸಿ ಮೇಲಕ್ಕೆತ್ತಿ. ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಆ ಅಂಚನ್ನು ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ, ಅಂಚಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಹೊಂದುವಂತೆ ಇಟ್ಟು ಒತ್ತಿ. ಎರಡೂ ಕ್ಲಿಪ್ “ಟಕ್” ಎಂದು ಕೂರಬೇಕು. ಒಂದು ಕಡೆ ಮಾತ್ರ ಟಕ್ ಎಂದರೆ ಇನ್ನೂ ಕೂತಿಲ್ಲ ಎಂದರ್ಥ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ನನ್ನ ಬಳಿ ಬಂದ ಕಪ್ಪು ತೆರೆಗಳಲ್ಲಿ ಎರಡು ರೂಪಾಯಿಯ ರಬ್ಬರಿನಿಂದ ಬೆಳಕು ಕಂಡವು ಕಡಿಮೆಯಲ್ಲ.

ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಅದು ಸಿಆರ್ 2032 ಎಂಬ ಹೆಸರಿನ 3 ವೋಲ್ಟಿನ ಬ್ಯಾಟರಿ. ಹಲವು ವರ್ಷಗಳಾದ ಮೇಲೆ ಸಾಯುತ್ತದೆ. ಸತ್ತಾಗ ಯಾರೂ “ಬ್ಯಾಟರಿ ಹೋಗಿದೆ” ಎಂದು ದೂರು ತರುವುದಿಲ್ಲ. “ಬ್ಯಾಂಕಿನ ಸೈಟ್ ತೆರೆಯುತ್ತಿಲ್ಲ, ಸುರಕ್ಷಿತವಲ್ಲ ಎನ್ನುತ್ತದೆ” ಎಂದು ತರುತ್ತಾರೆ. ಕಂಪ್ಯೂಟರಿನ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುವುದರಿಂದ, ಸೈಟಿನ ಪ್ರಮಾಣಪತ್ರ ಆ ದಿನಾಂಕಕ್ಕೆ ಇನ್ನೂ ಜಾರಿಗೇ ಬಂದಿಲ್ಲವೆಂದು ಬ್ರೌಸರ್ ತಿಳಿಯುತ್ತದೆ. ಆದ್ದರಿಂದ ಇಂಥ ದೂರು ಬಂದಾಗ ತೆರೆಯ ಕೆಳಮೂಲೆಯ ತಾರೀಖನ್ನು ಓದಿಹೇಳಲು ಕೇಳಿ. ಫೋನಿನಲ್ಲಿಯೇ ಉತ್ತರ ಸಿಗುತ್ತದೆ.

ಶಾಖದ ಮಾತಿಗೆ ಬಂದರೆ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಯ ಕಂಪ್ಯೂಟರ್ ನೆನಪಾಗುತ್ತದೆ. ಬೆಳಿಗ್ಗೆ ಸರಿಯಾಗಿದ್ದು ಇಪ್ಪತ್ತು ನಿಮಿಷಕ್ಕೆ ತಾನೇ ಬಂದ್ ಆಗುತ್ತಿತ್ತು. ಮಾದರಿಯ ಚೀಲಗಳನ್ನು ಇಡುತ್ತಿದ್ದ ಕೋಣೆಯಲ್ಲಿಯೇ ಕ್ಯಾಬಿನೆಟ್ ಇತ್ತು. ಅದರ ಮುಚ್ಚಳ ತೆಗೆದು, ಪ್ರೊಸೆಸರಿನ ಶಾಖ ಹೀರಲು ಅದರ ಮೇಲೆ ಕೂರಿಸಿದ ಹೀಟ್‌ಸಿಂಕಿಗೆ ಬ್ಲೋವರ್ ಹಿಡಿದೆ. ಕೆಂಪು ಧೂಳು ಎದ್ದು, ನಾನು, ಅವರು, ಬಾಗಿಲಲ್ಲಿ ನಿಂತಿದ್ದ ಅವರ ತಾಯಿ ಎಲ್ಲರೂ ಸೀನುತ್ತ ಅಂಗಳಕ್ಕೆ ಓಡಿದೆವು. ಮೆಣಸಿನಪುಡಿಯಾಗಲಿ ಆಷಾಢದ ಗಾಳಿಗೆ ಏಳುವ ಧೂಳಾಗಲಿ, ಹೀಟ್‌ಸಿಂಕಿನ ಸಂದುಗಳಲ್ಲಿ ಕಂಬಳಿಯಂತೆ ಕೂತರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಮೊದಲು ವೇಗ ತಗ್ಗಿಸುತ್ತದೆ, 100 ಡಿಗ್ರಿಯ ಆಸುಪಾಸಿನಲ್ಲಿ ಕಂಪ್ಯೂಟರನ್ನೇ ನಿಲ್ಲಿಸುತ್ತದೆ. ಕ್ಯಾಬಿನೆಟ್ಟನ್ನು ಹೊರಗೆ ಒಯ್ದು ತೆರೆಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಹೀಟ್‌ಸಿಂಕ್ ಬಿಚ್ಚಿದರೆ ಶಾಖ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ, ಬಟಾಣಿ ಗಾತ್ರದಷ್ಟು ಹೊಸದನ್ನು ಹಾಕದೆ ಮತ್ತೆ ಕೂರಿಸಬಾರದು.

“ಭಾಳ ಸ್ಲೋ ಆಗೇತ್ರಿ”

ಅತಿ ಹೆಚ್ಚು ಬರುವ ದೂರು ಇದು, ಅತಿ ಹೆಚ್ಚು ತಪ್ಪು ಉತ್ತರ ಸಿಗುವುದೂ ಇದಕ್ಕೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸಿಪಿಯು (ಇಲ್ಲಿ ಪ್ರೊಸೆಸರ್ ಎಂದರ್ಥ), ಮೆಮೊರಿ, ಡಿಸ್ಕ್ ಎಂಬ ಮೂರು ಸಾಲುಗಳಲ್ಲಿ ಯಾವುದು ತುಂಬಿದೆ ಎಂದು ನೋಡದೆ ಯಾವ ಸಲಹೆಯನ್ನೂ ಕೊಡಬಾರದು. ಸಿಪಿಯು ಶೇ. 10, ಡಿಸ್ಕ್ ಶೇ. 100 ಎಂದು ತೋರಿಸಿದರೆ ಹಳೆಯ ತಿರುಗುವ ಹಾರ್ಡ್‌ಡಿಸ್ಕೇ ಎಳೆಯಲಾರದೆ ನಿಂತಿದೆ. ತಿರುಗುವ ತಟ್ಟೆಯ ಮೇಲೆ ಬೇಕಾದ ಜಾಗಕ್ಕೆ ಹೋಗಲು ಅದಕ್ಕೆ ಹತ್ತು ಮಿಲಿಸೆಕೆಂಡಿನ ಮೇಲೆ ಹಿಡಿದರೆ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಅದರ ನೂರನೆಯ ಒಂದು ಪಾಲು ಸಾಕು. ಇಂಥಲ್ಲಿ ಫಾರ್ಮ್ಯಾಟ್ ಹೊಡೆದರೆ ಎರಡು ತಿಂಗಳು ಚೆನ್ನಾಗಿದ್ದು ಮತ್ತೆ ಅದೇ ಹಾಡು. ಹಳೆಯ ಡಿಸ್ಕನ್ನು ಫೋಟೋ-ಕಡತಗಳಿಗೆ ಉಳಿಸಿಕೊಂಡು ವಿಂಡೋಸನ್ನು ಎಸ್‌ಎಸ್‌ಡಿಗೆ ಹಾಕಿಸುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಖರ್ಚು. ಮೆಮೊರಿ ತುಂಬಿದ್ದು 4 ಜಿಬಿ ಮಾತ್ರ ಇದ್ದರೆ 8 ಜಿಬಿ ಮಾಡಿಸಬೇಕು. ಎರಡೂ ಸರಿಯಿದ್ದರೆ ಅದೇ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ ಬೇಡದ ಪ್ರೋಗ್ರಾಮುಗಳನ್ನು ನಿಲ್ಲಿಸಿ. ಎರಡು ಆಂಟಿವೈರಸ್ ಹಾಕಿಕೊಂಡಿದ್ದರೆ ಒಂದನ್ನು ತೆಗೆಯಿರಿ. ಅವು ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರುತ್ತವೆ.

ಹ್ಯಾಂಗ್ ಆಗುತ್ತದೆ ಎಂದಾಗ ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ಉಚಿತ ಉಪಕರಣದಿಂದ ಡಿಸ್ಕಿನ ಆರೋಗ್ಯ ನೋಡಿ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು, ಬದಲಿ ಜಾಗಕ್ಕೆ ಸರಿಸಿದ ಭಾಗ) ಸಂಖ್ಯೆ ದಿನದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಆದರೆ ಸಿಆರ್‌ಸಿ ಎರರ್ (ಮಾಹಿತಿ ಸಾಗುವಾಗ ಆದ ತಪ್ಪು) ಸಂಖ್ಯೆ ಮಾತ್ರ ಏರುತ್ತಿದ್ದರೆ ಡಿಸ್ಕ್ ಅಲ್ಲ, ಕೇಬಲ್ ಬದಲಿಸಿ. ಮಾವನ ಮನೆಗೆ ಹೋದಾಗ ನನಗೆ ಈ ಒಂದು ಸಾಲು ಗೊತ್ತಿರಬೇಕಿತ್ತು.

ನೀಲಿ ತೆರೆ ಬಂದರೆ ಅದರ ಸ್ಟಾಪ್ ಕೋಡ್ ಬರೆದುಕೊಂಡು, ಇತ್ತೀಚೆಗೆ ಹಾಕಿದ ಡ್ರೈವರನ್ನು (ಯಂತ್ರಭಾಗವನ್ನು ನಡೆಸುವ ತಂತ್ರಾಂಶವನ್ನು) ಹಿಂದಿನ ಆವೃತ್ತಿಗೆ ತರಬೇಕು. ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟರೆ ಬರುವ ಮೆನುವಿನಿಂದ, ತೀರ ಅಗತ್ಯದ ಡ್ರೈವರುಗಳಷ್ಟೇ ನಡೆಯುವ ಸೇಫ್ ಮೋಡಿಗೆ ಹೋಗಬಹುದು. ಪ್ರತಿ ಸಲ ಬೇರೆ ಬೇರೆ ಕೋಡ್ ಬರುತ್ತಿದ್ದರೆ ರ‍್ಯಾಮ್ ಪರೀಕ್ಷೆ ಮಾಡಿ. ಪ್ರಿಂಟರಿಗೆ ಕಳಿಸಿದ್ದು ಸಾಲಿನಲ್ಲಿಯೇ ನಿಂತರೆ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರನ್ನು ರೀಸ್ಟಾರ್ಟ್ ಮಾಡಿ. ಧಾರವಾಡದ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಕಷ್ಟ. ಹಿಂದಿನ ಕೋಣೆಗೆ 2.4ನ್ನು ಬಳಸಿ, ಇಲ್ಲವೇ ಕೇಬಲ್ ಎಳೆಯಿರಿ.

ಅಕ್ಷರಗಳು ಕಲಸಿಹೋದಾಗ

ಮುದ್ರಣ ಕಾಶಿಯೆಂದು ಹೆಸರಾದ ಗದಗ ಹತ್ತಿರವಿರುವುದರಿಂದಲೋ ಏನೋ, ಮದುವೆಯ ಹಂಗಾಮಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಪ್ರೆಸ್ಸಿನವರು ಕಳಿಸಿದ ಲಗ್ನಪತ್ರಿಕೆಯ ಕಡತ ಮನೆಯಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಇದು ವೈರಸ್ ಅಲ್ಲ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತದೊಳಗೆ ಇರುವುದು ಇಂಗ್ಲಿಷಿನ ಸಂಕೇತಗಳೇ. ಅವಕ್ಕೆ ಕನ್ನಡದ ಆಕಾರ ಕೊಡುವುದು ಆ ಫಾಂಟ್. ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶಕ್ಕೆ ಎಲ್ಲೆಡೆ ಒಂದೇ ಸಂಕೇತ ಬಳಸುವ ಯೂನಿಕೋಡ್ ಕನ್ನಡ ಒಗ್ಗದ ಕಾರಣ ಮುದ್ರಣದ ಕೆಲಸದಲ್ಲಿ ಆ ಫಾಂಟುಗಳು ಉಳಿದುಕೊಂಡಿವೆ. ಓದಿದರೆ ಸಾಕೆನ್ನುವವರಿಗೆ ಪಿಡಿಎಫ್ ಮಾಡಿ ಕಳಿಸಲು ಪ್ರೆಸ್ಸಿನವರಿಗೇ ಹೇಳಿ. ತಿದ್ದಬೇಕೆನ್ನುವವರಿಗೆ ಆ ಫಾಂಟ್ ಹಾಕಿಕೊಡಿ, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಮುಹೂರ್ತದ ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸದೆ ಯಾರಿಗೂ ಕೊಡಬೇಡಿ.

ಸೈರನ್ ಕೂಗುವ ತೆರೆ

“ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ” ಎಂದು ತೆರೆ ತುಂಬಿ ಕೂಗುವ ಸಂದೇಶಕ್ಕೆ ಉತ್ತರ ಒಂದೇ: ವಿಂಡೋಸಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಆಲ್ಟ್ ಮತ್ತು ಎಫ್4 ಒತ್ತಿ ಬ್ರೌಸರ್ ಮುಚ್ಚಿ, ಮುಚ್ಚದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ನಿಲ್ಲಿಸಿ. ಕೆಳಮೂಲೆಯಲ್ಲಿ ಪದೇ ಪದೇ ಬರುವ ಇಂಥ ಚೀಟಿಗಳು ಬಹುತೇಕ ಯಾವುದೋ ಸೈಟಿಗೆ ತಿಳಿಯದೆ ಕೊಟ್ಟ ನೋಟಿಫಿಕೇಶನ್ ಅನುಮತಿಯ ಫಲ. ಬ್ರೌಸರಿನ ಸೆಟ್ಟಿಂಗಿನಲ್ಲಿ ಆ ಸೈಟನ್ನು ತೆಗೆದರೆ ನಿಲ್ಲುತ್ತವೆ. ಯಾರಾದರೂ ಈಗಾಗಲೇ ಫೋನ್ ಮಾಡಿ ಕಂಪ್ಯೂಟರನ್ನು ದೂರದಿಂದ ನಡೆಸಲು ಬಿಟ್ಟಿದ್ದರೆ, ಬೈಯುತ್ತ ಕೂರದೆ ನೆಟ್ ಕೀಳಿಸಿ, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ವಿಂಡೋಸ್ 10 ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಅನೇಕ ಕಂಪ್ಯೂಟರುಗಳಲ್ಲಿ ಅದು ಇದ್ದೂ, ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ ಬಂದ್ ಆಗಿರುತ್ತದೆ, ಇಂಟೆಲ್‌ನಲ್ಲಿ ಪಿಟಿಟಿ ಎಂಬ ಹೆಸರಿನಲ್ಲಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ. ಹೊಸ ಕಂಪ್ಯೂಟರ್ ಕೊಳ್ಳಲು ಹೇಳುವ ಮೊದಲು ಅದನ್ನು ನೋಡಿ. ಆದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪಿನಲ್ಲಿ ಬಯೋಸ್ ಮುಟ್ಟುವ ಮುನ್ನ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಚಾಲೂ ಮಾಡಿದಾಗ ಅದು ಆ ಕೀಯನ್ನೇ ಕೇಳಿ, ಕೊಡುವವರೆಗೆ ಒಳಗೆ ಬಿಡದೆ ನಿಲ್ಲಬಹುದು.

ಕೊನೆಗೂ ಫಾರ್ಮ್ಯಾಟ್ ಅನಿವಾರ್ಯವಾದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಟ್ಯಾಲಿಯ ಡೇಟಾ ಫೋಲ್ಡರ್, ಹಾಕಿಕೊಂಡ ಕನ್ನಡ ಫಾಂಟುಗಳು ಇಷ್ಟನ್ನೂ ಹೊರಗಿನ ಡಿಸ್ಕಿಗೆ ತೆಗೆದು, ಮನೆಯವರ ಮುಂದೆಯೇ ನಾಲ್ಕಾರು ಫೋಟೋ ತೆರೆದು ತೋರಿಸಿ, ಅವರು ಹೂಂ ಎಂದ ಮೇಲೆ ಮಾತ್ರ ಮುಂದುವರಿಯಿರಿ.

ಮೂರು ಸಂದರ್ಭಗಳಲ್ಲಿ ಮಾತ್ರ “ಇದು ನನ್ನಿಂದ ಆಗದು” ಎಂಬುದೇ ಸರಿಯಾದ ಉತ್ತರ. ಎಸ್‌ಎಂಪಿಎಸ್‌ನ ಡಬ್ಬಿಯನ್ನು ಬಿಚ್ಚಬೇಡಿ; ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿನ ಮೇಲೆ ಉಳಿದಿರಬಹುದು. ಹಾರ್ಡ್‌ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದು ಒಳಗಿನ ಕಡತಗಳು ಬೇಕೇ ಬೇಕೆಂದರೆ ಮತ್ತೊಮ್ಮೆ ಚಾಲೂ ಮಾಡಿ ನೋಡುವ ಆಸೆಯನ್ನೂ ಬಿಟ್ಟು, ಡೇಟಾ ರಿಕವರಿ ಮಾಡುವವರ ಬಳಿ ಕಳಿಸಿ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲಕ್ಕೆದ್ದು ಕೆಳಗಿನ ಮುಚ್ಚಳ ಬಾಯಿಬಿಟ್ಟಿದ್ದರೆ ಬ್ಯಾಟರಿ ಉಬ್ಬಿದೆ; ಚಾರ್ಜರ್ ಕಿತ್ತು, ಬಂದ್ ಮಾಡಿ, ಒತ್ತದೆ ಚುಚ್ಚದೆ, ಹಾಸಿಗೆ-ಬಟ್ಟೆಗಳಿಂದ ದೂರ ಕಲ್ಲಿನ ನೆಲದ ಮೇಲೆ ಇಟ್ಟು, ಅಂಗಡಿ ತೆರೆದೊಡನೆ ಬ್ಯಾಟರಿ ತೆಗೆಸಲು ಹೇಳಿ.